ಕನ್ನಂಬಾಡಿ ಕಟ್ಟೆ ಮತ್ತು ಕಂಪ್ಯೂಟರ್ ಲೆಕ್ಕ: ಬಂಡೆ ಸಿಡಿಸದೆ ಉತ್ತರ ಸಿಗುತ್ತಾ?

ಕಲ್ಲು ಕ್ವಾರಿಗಳ ಬೇಬಿ ಬೆಟ್ಟದ ಸುದ್ದಿ ಬಂದಾಗಲೆಲ್ಲ ಮಂಡ್ಯದಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಲ್ಲಿ ಬಂಡೆ ಸಿಡಿಸಿದರೆ ಕನ್ನಂಬಾಡಿ ಕಟ್ಟೆಗೆ, ಅಂದರೆ ಕೆಆರ್‌ಎಸ್‌ಗೆ, ಅಪಾಯವಿದೆಯಾ ಅಂತ ತಿಳಿಯಬೇಕು, ಸರಿ. ಅದನ್ನು ತಿಳಿಯೋಕೆ ಮತ್ತೆ ಬಂಡೆಯನ್ನೇ ಸಿಡಿಸಬೇಕಾ? ರಾಕೆಟ್ಟು, ವಿಮಾನ ಎಲ್ಲವನ್ನೂ ಕಂಪ್ಯೂಟರ್‌ನಲ್ಲೇ ಹಾರಿಸಿ ನೋಡುವ ಕಾಲ ಇದು. ಒಂದು ಕಟ್ಟೆಯನ್ನು ಕಂಪ್ಯೂಟರ್‌ನಲ್ಲೇ ಅಲ್ಲಾಡಿಸಿ ನೋಡೋಕೆ ಆಗಲ್ವಾ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ‘ಆಗುತ್ತದೆ’ ಅಂದರೂ ಅರ್ಧ ಸತ್ಯ, ‘ಆಗಲ್ಲ’ ಅಂದರೂ ಅರ್ಧ ಸತ್ಯ. ಕಂಪ್ಯೂಟರ್‌ಗೆ ಲೆಕ್ಕ ಮಾಡಲು ಬರುತ್ತದೆ. ಆದರೆ ಆ ಲೆಕ್ಕಕ್ಕೆ ಬೇಕಾದ ಕೆಲವು ಸಂಖ್ಯೆಗಳು ಕಟ್ಟೆಯ ಗಾರೆಯೊಳಗೆ ಮತ್ತು ಬೆಟ್ಟದಿಂದ ಕಟ್ಟೆಯವರೆಗೆ ಹಬ್ಬಿರುವ ಬಂಡೆಯೊಳಗೆ ಇವೆ. ಯಾರಾದರೂ ಅಳೆದು ತರಬೇಕು. ಜಗಳ ನಿಂತಿರುವುದು ಆ ಅಳತೆಯ ಮೇಲೆ.

ಇಲ್ಲಿಯವರೆಗೆ ಆದದ್ದು

ಬೇಬಿ ಬೆಟ್ಟ ಇರುವುದು ಪಾಂಡವಪುರ ತಾಲ್ಲೂಕಿನಲ್ಲಿ. ಸುತ್ತಮುತ್ತ ಕಲ್ಲು ಕ್ವಾರಿ, ಕ್ರಷರ್‌ಗಳು ಬಹಳ ವರ್ಷಗಳಿಂದ ನಡೆದುಕೊಂಡು ಬಂದವು. 2018ರ ಸೆಪ್ಟೆಂಬರ್‌ನಲ್ಲಿ ಭಾರಿ ಸದ್ದು ಕೇಳಿಸಿತು, ಕೆಆರ್‌ಎಸ್‌ನಲ್ಲಿದ್ದ ಮಾಪಕದಲ್ಲಿ ಕಂಪನ ದಾಖಲಾಯಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗಣಿಗಾರಿಕೆ ನಿಲ್ಲಿಸುವುದು ಒಳ್ಳೆಯದು ಎಂದಿತು. 2021ರಲ್ಲಿ ಕಟ್ಟೆ ಬಿರುಕು ಬಿಟ್ಟಿದೆಯೋ ಇಲ್ಲವೋ ಅಂತ ರಾಜಕೀಯ ಮುಖಂಡರ ನಡುವೆ ದೊಡ್ಡ ವಾಗ್ವಾದವೇ ಆಯಿತು. ಆಮೇಲೆ ಪ್ರಾಯೋಗಿಕ ಸ್ಫೋಟ ನಡೆಸಿ ಅಳೆಯುವ ಪ್ರಸ್ತಾಪ ಬಂತು. 2022ರಲ್ಲೂ 2024ರಲ್ಲೂ ರೈತರು ಅದನ್ನು ವಿರೋಧಿಸಿ ಬೀದಿಗಿಳಿದರು.

ಇದರ ನಡುವೆ, 2024ರ ಜನವರಿಯಲ್ಲಿ, ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಎಲ್ಲ ಗಣಿಗಾರಿಕೆಯನ್ನೂ ತಡೆಯಿತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಅಧ್ಯಯನ ಮುಗಿಯುವವರೆಗೆ ಈ ತಡೆ. ಹಾಗಾಗಿ ಎಲ್ಲರ ಕಣ್ಣೂ ಈಗ ‘ಅಧ್ಯಯನ’ ಎಂಬ ಮಾತಿನ ಮೇಲಿದೆ. ಅದರೊಳಗೆ ಏನಿರುತ್ತದೆ ಅಂತ ಜನರಿಗೆ ಬಿಡಿಸಿ ಹೇಳಿದವರು ಕಡಿಮೆ.

ಕೊಪ್ಪರಿಗೆಯೊಳಗಿನ ವಿಜ್ಞಾನ

ಇಂಥ ಅಧ್ಯಯನದೊಳಗಿನ ಕಂಪ್ಯೂಟರ್ ಲೆಕ್ಕವನ್ನು ಮಂಡ್ಯದವರಿಗೆ ಆಲೆಮನೆಯಿಂದಲೇ ಹೇಳಬಹುದು. ಕೊಪ್ಪರಿಗೆಗೆ ಕಬ್ಬಿನ ಹಾಲು ಸುರಿದು ಕೆಳಗೆ ಒಣಗಿದ ಸಿಪ್ಪೆ ಒಟ್ಟುತ್ತಾರೆ. ತಳದ ಹಾಲು ಬಿಸಿಯಾಗಿ ಮೇಲೇರುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಕುದಿಯುತ್ತಾ ನೀರು ಆವಿಯಾಗುತ್ತದೆ. ನೀರು ಹೋದಷ್ಟೂ ಪಾಕ ಗಟ್ಟಿ. ಗಟ್ಟಿಯಾದಷ್ಟೂ ಅದರ ಓಡಾಟ ನಿಧಾನ. ಓಡಾಟ ನಿಧಾನವಾದರೆ ತಳದ ಶಾಖ ಮೇಲಕ್ಕೆ ಬರಲ್ಲ, ತಳ ಸೀಯುತ್ತದೆ. ಅದಕ್ಕೇ ಕೊನೆಕೊನೆಗೆ ಕೈ ಬಿಡದೆ ತಿರುವುತ್ತಿರಬೇಕು, ಉರಿಯನ್ನೂ ತಗ್ಗಿಸಬೇಕು.

ಇಲ್ಲಿ ದ್ರವದ ಹರಿವು ಒಂದು ವಿಷಯ, ಶಾಖ ಇನ್ನೊಂದು, ಆವಿಯಾಗುವುದು ಮತ್ತೊಂದು. ಒಂದೊಂದನ್ನೂ ಬಿಡಿಯಾಗಿ ಲೆಕ್ಕ ಹಾಕಿ ಕೊನೆಗೆ ಕೂಡಿಸಿದರೆ ಪಾಕ ಹದಕ್ಕೆ ಬರುವ ಹೊತ್ತು ತಪ್ಪಿಹೋಗುತ್ತದೆ. ಯಾಕೆಂದರೆ ಒಂದು ಬದಲಾದರೆ ಮಿಕ್ಕವೂ ಬದಲಾಗುತ್ತವೆ. ಹರಿವನ್ನು ಬೇರೆ ಭೌತಿಕ ಕ್ರಿಯೆಗಳ ಜೊತೆ ಒಂದೇ ನೊಗಕ್ಕೆ ಹೂಡಿ ಮಾಡುವ ಸಿಮ್ಯುಲೇಷನ್ ಅಂದರೆ ಇದೇ. ಇದನ್ನು ಜೋಡಿ ಲೆಕ್ಕ ಅಂತ ಕರೆಯೋಣ.

ಕಂಪ್ಯೂಟರ್‌ನಲ್ಲಿ ಇದನ್ನು ಮಾಡುವ ದಾರಿ ಹೀಗಿದೆ. ನೀರನ್ನೂ ಗೋಡೆಯನ್ನೂ ಬಂಡೆಯನ್ನೂ ಸಣ್ಣ ಸಣ್ಣ ಕೋಣೆಗಳಾಗಿ ಒಡೆಯುತ್ತಾರೆ, ಲಕ್ಷಗಟ್ಟಲೆ ಕೋಣೆ. ಕಾಲವನ್ನೂ ಸಣ್ಣ ಹೆಜ್ಜೆಗಳಾಗಿ ಕತ್ತರಿಸುತ್ತಾರೆ. ಪ್ರತಿ ಹೆಜ್ಜೆಯಲ್ಲೂ ನೀರಿನ ಲೆಕ್ಕ ಮಾಡಿ ಗೋಡೆಯ ಮೇಲೆ ಬಿದ್ದ ಒತ್ತಡವನ್ನು ಗೋಡೆಯ ಲೆಕ್ಕಕ್ಕೆ ಕೊಡುತ್ತಾರೆ. ಗೋಡೆ ಕೂದಲೆಳೆಯಷ್ಟು ಅಲ್ಲಾಡಿದರೂ ಅದನ್ನು ನೀರಿನ ಲೆಕ್ಕಕ್ಕೆ ವಾಪಸ್ ಕೊಡುತ್ತಾರೆ. ಎರಡೂ ಒಪ್ಪುವವರೆಗೆ ಈ ಕೊಡು-ಕೊಳ್ಳು ನಡೆದೇ ಇರುತ್ತದೆ, ಆಮೇಲೆ ಮುಂದಿನ ಹೆಜ್ಜೆ. ನೀರಿನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1,450 ಮೀಟರ್ ಓಡುತ್ತದೆ. ಒಂದು ಮೀಟರ್ ಅಗಲದ ಕೋಣೆ ಮಾಡಿಕೊಂಡು ಆ ಅಲೆಯನ್ನು ಹಿಂಬಾಲಿಸಬೇಕಾದರೆ, ಒಂದೇ ಒಂದು ಸೆಕೆಂಡಿಗೆ ಸಾವಿರಾರು ಹೆಜ್ಜೆ ಬೇಕಾಗಬಹುದು.

ನೀರು ಗೋಡೆಗೆ ಒರಗಿ ನಿಂತಾಗ

ಕಟ್ಟೆಯಲ್ಲಿ ನೀರು 124.80 ಅಡಿ ಮುಟ್ಟಿದರೆ ಕೆಆರ್‌ಎಸ್ ಭರ್ತಿ. ಅಂದರೆ ಸುಮಾರು 38 ಮೀಟರ್. ಅಷ್ಟು ಆಳದ ನೀರು ಗೋಡೆಯ ಪ್ರತಿ ಒಂದು ಮೀಟರ್ ಉದ್ದವನ್ನು ಸುಮಾರು 720 ಟನ್ ಭಾರದಿಂದ ತಳ್ಳುತ್ತದೆ. ನೀರು 90 ಅಡಿಗೆ ಇಳಿದರೆ ಈ ತಳ್ಳು ಹತ್ತಿರಹತ್ತಿರ ಅರ್ಧ, 375 ಟನ್ ಆಸುಪಾಸು. ಆಳ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕಡಿಮೆಯಾದದ್ದಕ್ಕೆ ತಳ್ಳು ಅರ್ಧ ಯಾಕಾಯಿತು? ಅದು ಆಳದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ, ಅದಕ್ಕೆ. ಹಾಗಾಗಿ ‘ಕಟ್ಟೆ ತಡೆದುಕೊಳ್ಳುತ್ತದೆ’ ಎಂಬ ಯಾವುದೇ ಹೇಳಿಕೆಗೂ ಮೊದಲು ಕೇಳಬೇಕಾದದ್ದು, ಯಾವ ನೀರಿನ ಮಟ್ಟಕ್ಕೆ ಈ ಲೆಕ್ಕ ಅಂತ.

ಇದು ನಿಂತ ನೀರಿನ ಮಾತು. ನೆಲ ಅಲ್ಲಾಡಿದಾಗ ಕಥೆ ಬೇರೆ. ತಲೆಯ ಮೇಲೆ ಖಾಲಿ ಕೊಡ ಹೊತ್ತು ನಡೆಯುವುದಕ್ಕೂ ತುಂಬಿದ ಕೊಡ ಹೊತ್ತು ನಡೆಯುವುದಕ್ಕೂ ಇರುವ ವ್ಯತ್ಯಾಸ ಹೊತ್ತವರಿಗೆ ಗೊತ್ತು. ಗೋಡೆ ಅಲ್ಲಾಡಬೇಕಾದರೆ ತನಗೆ ಒರಗಿದ ನೀರನ್ನೂ ಅಲ್ಲಾಡಿಸಬೇಕು. ಗೋಡೆಯ ತೂಕವೇ ಹೆಚ್ಚಾದ ಹಾಗೆ ಅದು. 1933ರಲ್ಲಿ ವೆಸ್ಟರ್‌ಗಾರ್ಡ್ ಎಂಬ ಎಂಜಿನಿಯರ್ ಇದಕ್ಕೊಂದು ಸರಳ ಸೂತ್ರ ಕೊಟ್ಟ. ಗೋಡೆಯ ಜೊತೆಗೆ ಒಂದಷ್ಟು ನೀರು ಅಂಟಿಕೊಂಡೇ ಚಲಿಸುತ್ತದೆ ಅಂತ ಭಾವಿಸಿ ಲೆಕ್ಕ ಹಾಕುವ ಸೂತ್ರ. ಇವತ್ತಿಗೂ ಮೊದಲ ಅಂದಾಜಿಗೆ ಅದನ್ನೇ ಬಳಸುತ್ತಾರೆ. ಆದರೆ ಅದರಲ್ಲಿ ಗೋಡೆ ಬಾಗುವುದೇ ಇಲ್ಲ, ನೀರು ಕುಗ್ಗುವುದೇ ಇಲ್ಲ. ಎರಡನ್ನೂ ಸೇರಿಸಿದ ಪೂರ್ತಿ ಜೋಡಿ ಲೆಕ್ಕ ಆಮೇಲೆ ಬಂತು. ಅದನ್ನು ಬೆಳೆಸಿದವರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅನಿಲ್ ಚೋಪ್ರಾ ಅವರದು ದೊಡ್ಡ ಹೆಸರು.

ಈ ಲೆಕ್ಕಕ್ಕೆ ಪರೀಕ್ಷೆ ಒಡ್ಡಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಕೊಯ್ನಾ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ಸುಮಾರು 6.5 ತೀವ್ರತೆಯ ಭೂಕಂಪವಾಯಿತು. 103 ಮೀಟರ್ ಎತ್ತರದ ಕಟ್ಟೆ ಬೀಳಲಿಲ್ಲ. ಆದರೆ ಮೇಲ್ಭಾಗದಲ್ಲಿ, ಗೋಡೆಯ ಇಳಿಜಾರು ಥಟ್ಟನೆ ಬದಲಾಗುವ ಕಡೆ, ಬಿರುಕು ಬಿಟ್ಟಿತು. ಕಟ್ಟೆಯನ್ನು ವಿನ್ಯಾಸ ಮಾಡಿದ್ದು ಗುರುತ್ವದ ಶೇ. 5ರಷ್ಟು ಅಲುಗಾಟಕ್ಕೆ. ಅವತ್ತು ದಾಖಲಾದದ್ದು ಹೆಚ್ಚುಕಡಿಮೆ ಶೇ. 50. ಅಲುಗಾಟದ ದಾಖಲೆಯೂ ಇತ್ತು, ಬಿರುಕಿನ ಜಾಗವೂ ಗೊತ್ತಿತ್ತು. ಹಾಗಾಗಿ ಲೆಕ್ಕ ಸರಿಯೋ ತಪ್ಪೋ ಅಂತ ತಾಳೆ ನೋಡಲು ಸಾಧ್ಯವಾಯಿತು. ಇವತ್ತಿಗೂ ಜಗತ್ತಿನಲ್ಲಿ ಯಾರಾದರೂ ಹೊಸ ಅಣೆಕಟ್ಟು ಸಿಮ್ಯುಲೇಷನ್ ಬರೆದರೆ ಮೊದಲು ಕೊಯ್ನಾದ ಬಿರುಕನ್ನು ಸರಿಯಾದ ಜಾಗದಲ್ಲಿ ತೋರಿಸಿಕೊಡಬೇಕು.

ಬೆಟ್ಟದಿಂದ ಕಟ್ಟೆಗೆ: ಒಂದು ಘಾತದ ಕಥೆ

ಕೊಯ್ನಾದಲ್ಲಿ ಅಲುಗಾಟದ ದಾಖಲೆ ಇತ್ತು. ನಮ್ಮಲ್ಲಿ ಇಲ್ಲದಿರುವುದು ಅದೇ. ಬೆಟ್ಟದಲ್ಲಿ ಸಿಡಿದದ್ದು ಕಟ್ಟೆಯ ಬುಡಕ್ಕೆ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ?

ಎಂಜಿನಿಯರುಗಳು ಇದಕ್ಕೆ ಒಂದು ಚಿಕ್ಕ ಸೂತ್ರ ಇಟ್ಟುಕೊಂಡಿದ್ದಾರೆ. ದೂರವನ್ನು ಒಂದು ಬಾರಿಗೆ ಸಿಡಿಯುವ ಮದ್ದಿನ ತೂಕದ ವರ್ಗಮೂಲದಿಂದ ಭಾಗಿಸಬೇಕು. ಬಂದ ಸಂಖ್ಯೆ ಹೆಚ್ಚಾದಷ್ಟೂ ಕಂಪನ ಕಡಿಮೆ. ಎಷ್ಟು ಬೇಗ ಕಡಿಮೆಯಾಗುತ್ತದೆ ಎಂಬುದನ್ನು ಒಂದು ಘಾತ, ಅಂದರೆ ಗಣಿತದ ಘಾತಾಂಕ (ವರ್ಗಕ್ಕೆ 2, ಘನಕ್ಕೆ 3 ಇರುವ ಹಾಗೆ), ಹೇಳುತ್ತದೆ. ಆ ಘಾತ ಬಂಡೆಗೆ ಬಂಡೆಗೆ ಬೇರೆ. ಬಿರುಕಿಲ್ಲದ ಗಟ್ಟಿ ಗ್ರಾನೈಟ್‌ನಲ್ಲಿ ಅಲೆ ದೂರ ಹೋಗುತ್ತದೆ. ಸಡಿಲ ಮಣ್ಣು, ಸೀಳು ಬಂಡೆಯಲ್ಲಿ ಬೇಗ ಸಾಯುತ್ತದೆ.

ಒಂದು ಉದಾಹರಣೆ ಮಾಡಿ ನೋಡೋಣ. ಇದು ಕೆಆರ್‌ಎಸ್‌ನ ಅಳತೆಯಲ್ಲ, ಲೆಕ್ಕದ ಸ್ವಭಾವ ತೋರಿಸಲು ಹಾಕಿದ ಸಂಖ್ಯೆಗಳು. ಒಂದು ಬಾರಿಗೆ 100 ಕೆ.ಜಿ. ಮದ್ದು, ದೂರ 10 ಕಿ.ಮೀ., ಸೂತ್ರದ ಗುಣಕ 1,140. ಘಾತ 1.6 ಅಂದುಕೊಂಡರೆ ಅಲ್ಲಿ ನೆಲದ ಕಣಗಳು ಅಲ್ಲಾಡುವ ವೇಗ ಸೆಕೆಂಡಿಗೆ 0.02 ಮಿ.ಮೀ. ಕೂಡ ಇರುವುದಿಲ್ಲ. ಘಾತ 1.2 ಅಂದುಕೊಂಡರೆ ಸುಮಾರು 0.29 ಮಿ.ಮೀ. ಮಿಕ್ಕಿದ್ದೆಲ್ಲ ಅದೇ, ಒಂದೇ ಒಂದು ಸಂಖ್ಯೆ ಸ್ವಲ್ಪ ಬದಲಾಯಿತು. ಉತ್ತರ 16 ಪಟ್ಟು ಜಾಸ್ತಿಯಾಯಿತು.

ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಲ್ಲಿ ಚಾರಿತ್ರಿಕ ಮತ್ತು ಸೂಕ್ಷ್ಮ ಕಟ್ಟಡಗಳಿಗೆ ಇರುವ ಅತಿ ಬಿಗಿಯಾದ ಮಿತಿ ಸೆಕೆಂಡಿಗೆ 2 ಮಿ.ಮೀ. ಮೇಲಿನ ಎರಡೂ ಉತ್ತರ ಅದಕ್ಕಿಂತ ತುಂಬಾ ಕೆಳಗೇ ಇವೆ. ಹಾಗಾದರೆ ಭಯ ಸುಮ್ನೇನಾ? ಅಲ್ಲ. ಅದೇ 100 ಕೆ.ಜಿ.ಯನ್ನು 2 ಕಿ.ಮೀ. ದೂರದಲ್ಲಿ ಸಿಡಿಸಿದರೆ, ಘಾತ 1.2 ಆಗಿದ್ದರೆ, ಉತ್ತರ ಸರಿಸುಮಾರು 2 ಮಿ.ಮೀ.ಗೇ ಬಂದು ಮುಟ್ಟುತ್ತದೆ. ಲೈಸೆನ್ಸ್ ಇಟ್ಟುಕೊಂಡು, ಅಳೆದು, ತಡೆತಡೆದು ಸಿಡಿಸುವ ದೂರದ ಕ್ವಾರಿಗಿಂತ, ಎಷ್ಟು ತುಂಬಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲದ ಹತ್ತಿರದ ಅಕ್ರಮ ಸ್ಫೋಟ ಹೆಚ್ಚು ಅಪಾಯದ್ದು. ಅದನ್ನು ಯಾವ ಸಿಮ್ಯುಲೇಷನ್ನೂ ಹಿಡಿಯಲ್ಲ, ಯಾಕೆಂದರೆ ಅದರ ಮದ್ದಿನ ತೂಕ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಇನ್ನೊಂದು ಸೂಕ್ಷ್ಮ. ದೂರ ಹೋದಂತೆ ಅಲೆಯೊಳಗಿನ ಚುರುಕಾದ ಕಂಪನಗಳು ಮೊದಲು ಸಾಯುತ್ತವೆ, ನಿಧಾನದವು ಉಳಿಯುತ್ತವೆ. ಸುಮಾರು 40 ಮೀಟರ್ ಎತ್ತರದ ಕಲ್ಲಿನ ಕಟ್ಟೆ ತನ್ನಷ್ಟಕ್ಕೆ ತೂಗುವುದೂ ನಿಧಾನವಾಗಿಯೇ, ಅಂದಾಜು ಸೆಕೆಂಡಿಗೆ ಐದರಿಂದ ಹತ್ತು ಬಾರಿ. ನೀರು ತುಂಬಿದರೆ ಇನ್ನೂ ನಿಧಾನ. ಅಲೆಯ ಲಯವೂ ಕಟ್ಟೆಯ ಲಯವೂ ಒಂದಕ್ಕೊಂದು ಹೊಂದಿಕೊಂಡರೆ ಚಿಕ್ಕ ಕಂಪನವೂ ದೊಡ್ಡದಾಗುತ್ತದೆ. ಕಂಪನದ ಗಾತ್ರವಷ್ಟೇ ಸಾಲದು, ಅದರ ಲಯವನ್ನೂ ಅಳೆಯಬೇಕು.

ಸದ್ದಿಲ್ಲದ ಶತ್ರು

ಗಲಾಟೆಯೆಲ್ಲ ಸ್ಫೋಟದ ಸುತ್ತ ಇದೆ. ಆದರೆ ಈ ಕಟ್ಟೆಯ ವಿಚಾರದಲ್ಲಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗೋಡೆಯೊಳಗೆ ಸದ್ದಿಲ್ಲದೆ ಜಿನುಗುವ ನೀರು.

ಕನ್ನಂಬಾಡಿ ಕಟ್ಟಲು ಶುರುವಾದದ್ದು 1911ರಲ್ಲಿ. ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ ಗಾರೆ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ. ನೂರು ವರ್ಷದ ಹತ್ತಿರ ಅದು ನೀರು ಹಿಡಿದು ನಿಂತಿದೆ, ಅದು ಅಂದಿನವರ ಕೈಗುಣ. ಆದರೆ ಸುಣ್ಣಕ್ಕೆ ಒಂದು ಸ್ವಭಾವವಿದೆ, ಹರಿಯುವ ನೀರಿನಲ್ಲಿ ಅದು ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಹಳೆಯ ಸುಣ್ಣದ ಗಾರೆಯ ಗೋಡೆಗಳ ಮೇಲೆ ಬಿಳಿ ಗೆರೆ ಇಳಿದಿರುವುದನ್ನು ನೋಡಿರುತ್ತೀರಿ. ಒಳಗಿನ ಸುಣ್ಣ ನೀರಿನ ಜೊತೆ ಹೊರಗೆ ಬಂದು ಕಟ್ಟಿಕೊಂಡದ್ದು ಅದು.

ಇಲ್ಲಿಯೂ ಜೋಡಿ ಲೆಕ್ಕವೇ. ನೀರು ಜಿನುಗಿದರೆ ಸುಣ್ಣ ಕರಗುತ್ತದೆ, ಸುಣ್ಣ ಕರಗಿದರೆ ಸಂದು ಅಗಲವಾಗುತ್ತದೆ, ಸಂದು ಅಗಲವಾದರೆ ಇನ್ನಷ್ಟು ನೀರು. ಕಿರಿದಾದ ಸೀಳಿನಲ್ಲಿ ಹರಿಯುವ ನೀರು ಅದರ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಸೀಳು ಎರಡು ಪಟ್ಟು ಅಗಲವಾದರೆ ನೀರು ಎಂಟು ಪಟ್ಟು. ಮೇಲಾಗಿ, ಗೋಡೆಯ ಬುಡಕ್ಕೆ ನುಗ್ಗಿದ ನೀರು ಗೋಡೆಯನ್ನು ಕೆಳಗಿನಿಂದ ಎತ್ತುತ್ತದೆ. ಈ ಬಗೆಯ ಕಟ್ಟೆ ತನ್ನ ತೂಕದಿಂದಲೇ ನಿಲ್ಲುವಂಥದ್ದು, ಆ ತೂಕವೇ ಹಗುರಾದ ಹಾಗಾಗುತ್ತದೆ. ಫ್ರಾನ್ಸ್‌ನ ಬೂಜೆ ಕಟ್ಟೆ 1895ರಲ್ಲಿ ಒಡೆದ ಮೇಲೆಯೇ ಎಂಜಿನಿಯರುಗಳು ಈ ಮೇಲ್ಮುಖ ಒತ್ತಡವನ್ನು ಗಂಭೀರವಾಗಿ ತೆಗೆದುಕೊಂಡದ್ದು.

ತೊಡಕು ಏನಪ್ಪಾ ಅಂದರೆ, ಸ್ಫೋಟದ ಅಲೆ ಕೆಲವೇ ಸೆಕೆಂಡಿನ ವ್ಯವಹಾರ, ಸುಣ್ಣ ಕರಗುವುದು ದಶಕಗಳದ್ದು. ಎರಡನ್ನೂ ಒಂದೇ ಲೆಕ್ಕದಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆಸಲು ಯಾವ ಕಂಪ್ಯೂಟರ್‌ಗೂ ಆಗದು. ಮೊದಲು ನಿಧಾನದ ಲೆಕ್ಕ ಮಾಡಿ ಗಾರೆಯ ಈಗಿನ ಬಲ ಎಷ್ಟು ಅಂತ ತಿಳಿಯಬೇಕು, ಆಮೇಲೆ ಅದರ ಮೇಲೆ ಸ್ಫೋಟದ ಲೆಕ್ಕ. ಗಾರೆಯ ಬಲವನ್ನು ಅಂದಾಜಿಗೆ ಬಿಟ್ಟು ಸ್ಫೋಟದ ಲೆಕ್ಕವೊಂದನ್ನೇ ಚೆನ್ನಾಗಿ ಮಾಡಿದರೆ ಬುಡವಿಲ್ಲದ ಕೆಲಸವಾಗುತ್ತದೆ.

ಮಾದರಿ ಮೋಸ ಮಾಡಿದ ರಾತ್ರಿ

ಇಟಲಿಯ ವಯಾಂಟ್ ಕಟ್ಟೆಯ ಕಥೆ ಇಲ್ಲಿ ಹೇಳಲೇಬೇಕು. ಜಲಾಶಯದ ಪಕ್ಕದ ಬೆಟ್ಟ ಜಾರುವ ಸೂಚನೆ ಇತ್ತು. ಎಂಜಿನಿಯರುಗಳು ಚಿಕ್ಕ ಮಾದರಿ ಕಟ್ಟಿ, ಜಲ್ಲಿಕಲ್ಲು ಜಾರಿಸಿ, ಏಳುವ ಅಲೆ ಅಳೆದರು. ನೀರನ್ನು ಸಮುದ್ರಮಟ್ಟದಿಂದ 700 ಮೀಟರ್‌ಗೆ ಇಳಿಸಿದರೆ ಅಪಾಯವಿಲ್ಲ ಎಂದು ತೀರ್ಮಾನವಾಯಿತು. 1963ರ ಅಕ್ಟೋಬರ್ 9ರ ರಾತ್ರಿ ನೀರು ಹೆಚ್ಚುಕಡಿಮೆ ಅದೇ ಮಟ್ಟದಲ್ಲಿತ್ತು. ಆದರೆ ಬೆಟ್ಟ ಜಲ್ಲಿಯ ಹಾಗೆ ಚದುರಿ ಇಳಿಯಲಿಲ್ಲ. 26 ಕೋಟಿ ಘನ ಮೀಟರ್‌ಗೂ ಹೆಚ್ಚು ಕಲ್ಲುಮಣ್ಣು ಒಂದೇ ಗಂಟಾಗಿ, ಒಂದು ನಿಮಿಷದೊಳಗೆ ನೀರಿಗೆ ಬಿತ್ತು. ಅಲೆ ಕಟ್ಟೆಯ ಮೇಲೆ ಹಾರಿ ಕೆಳಗಿನ ಊರುಗಳನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು ಸುಮಾರು 2,000 ಜನ. ಕಟ್ಟೆ ಮಾತ್ರ ಹಾಗೆಯೇ ನಿಂತಿತ್ತು.

ಮಾದರಿಯಲ್ಲಿ ನೀರಿನ ಲೆಕ್ಕ ತಪ್ಪಿರಲಿಲ್ಲ. ಬೆಟ್ಟ ಹೇಗೆ ಜಾರುತ್ತದೆ ಎಂದು ಮೊದಲೇ ಭಾವಿಸಿಕೊಂಡದ್ದು ತಪ್ಪಿತ್ತು.

ಕೆಆರ್‌ಎಸ್‌ನಲ್ಲೇ ಇರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲೂ ಅಣೆಕಟ್ಟುಗಳ ಚಿಕ್ಕ ಮಾದರಿ ಕಟ್ಟಿ ನೀರು ಬಿಟ್ಟು ನೋಡುತ್ತಾರೆ. ಅದು ಒಳ್ಳೆಯ ವಿಧಾನವೇ. ಐವತ್ತರಲ್ಲಿ ಒಂದು ಪಾಲಿನ ಮಾದರಿಯಾದರೆ, ಅಸಲಿ ನದಿಯ ಒಂದು ಗಂಟೆ ಅಲ್ಲಿ ಎಂಟೂವರೆ ನಿಮಿಷದಲ್ಲಿ ಮುಗಿಯುತ್ತದೆ. ಹರಿವಿನ ರೂಪ ಚೆನ್ನಾಗಿ ಸಿಗುತ್ತದೆ. ನೀರಿನೊಳಗೆ ಗಾಳಿ ಬೆರೆಯುವುದು, ಗಾರೆಯ ಬಲ, ಬಂಡೆಯ ಬಿರುಕು ಇವೆಲ್ಲ ಆ ಅಳತೆಗೆ ಕುಗ್ಗುವುದಿಲ್ಲ. ಅಂಥ ಕಡೆ ಕಂಪ್ಯೂಟರ್ ಬೇಕು. ಕಂಪ್ಯೂಟರ್ ಉತ್ತರವನ್ನು ತಾಳೆ ನೋಡಲು ಮತ್ತೆ ಈ ಮಾದರಿಯೂ ಬೇಕು, ಸ್ಥಳದ ಅಳತೆಯೂ ಬೇಕು.

ಯಾರ ವಾದ ಏನು

ರೈತ ಸಂಘಟನೆಗಳ ಮಾತು ಸರಳ. ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳಿಗೂ ಬೆಂಗಳೂರು, ಮೈಸೂರಿನ ಕುಡಿಯುವ ನೀರಿಗೂ ಈ ಕಟ್ಟೆಯೇ ಆಧಾರ, ಇದರ ಮೇಲೆ ಪ್ರಯೋಗ ಬೇಡ. ಪ್ರಾಯೋಗಿಕ ಸ್ಫೋಟದಲ್ಲಿ ‘ಅಪಾಯವಿಲ್ಲ’ ಅಂತ ಬಂದರೆ ಅದೇ ಕಾಗದ ಹಿಡಿದು ಕ್ವಾರಿಗಳು ವಾಪಸ್ ಬರುತ್ತವೆ ಎಂಬ ಅನುಮಾನವೂ ಇದೆ. ಈ ಅನುಮಾನವನ್ನು ಅಜ್ಞಾನ ಅಂತ ತಳ್ಳಿಹಾಕುವುದು ತಪ್ಪು. ಪರೀಕ್ಷೆಯ ದಿನ ಅಳೆದು ಹಾಕಿದ ಮದ್ದೇ ಬೇರೆ, ಆಮೇಲೆ ದಿನಾ ಹಾಕುವ ಮದ್ದೇ ಬೇರೆ ಆಗಬಹುದಲ್ವಾ?

ಕ್ವಾರಿಯವರೂ ಅಲ್ಲಿ ಕೂಲಿ ಮಾಡುವವರೂ ಪುರಾವೆ ಕೇಳುತ್ತಾರೆ. ಅಳೆಯದೆ ಹೊಟ್ಟೆಪಾಡು ಕಿತ್ತುಕೊಳ್ಳಬೇಡಿ ಎನ್ನುತ್ತಾರೆ. ಅದರಲ್ಲೂ ನ್ಯಾಯವಿದೆ. ವಿಜ್ಞಾನಿಗಳಿಗೆ ಬೇಕಿರುವುದು ಮೇಲೆ ಹೇಳಿದ ಆ ಘಾತ, ಅದನ್ನು ಅಳೆಯುವ ನೇರ ದಾರಿ ಸ್ಫೋಟವೇ.

ಆದರೆ ಸ್ಫೋಟದಿಂದಲೇ ಶುರು ಮಾಡಬೇಕಾಗಿಲ್ಲ. ಕಟ್ಟೆ ಯಾವಾಗಲೂ ಸಣ್ಣಗೆ ಅಲುಗುತ್ತಲೇ ಇರುತ್ತದೆ, ಗೇಟಿನಿಂದ ನೀರು ಧುಮುಕುವಾಗ, ಗಾಳಿ ಬೀಸುವಾಗ, ದೂರದಲ್ಲೆಲ್ಲೋ ಚಿಕ್ಕ ಭೂಕಂಪವಾದಾಗ. ಸೂಕ್ಷ್ಮ ಮಾಪಕಗಳನ್ನು ಸಾಲಾಗಿ ಇಟ್ಟು ಇದನ್ನು ಒಂದು ವರ್ಷ ದಾಖಲಿಸಿದರೆ, ಕಟ್ಟೆ ತೂಗುವ ಲಯ ಒಂದು ಚಿಟಿಕೆ ಮದ್ದೂ ಇಲ್ಲದೆ ತಿಳಿಯುತ್ತದೆ. ತುಂಬಿದಾಗ ಲಯ ಎಷ್ಟು, ಇಳಿದಾಗ ಎಷ್ಟು ಎಂಬುದೂ ಸಿಗುತ್ತದೆ. ಕಂಪ್ಯೂಟರ್ ಮಾದರಿ ಆ ಎರಡನ್ನೂ ಸರಿಯಾಗಿ ಹೇಳಿದರೆ ಅದನ್ನು ನಂಬಲು ಒಂದು ಕಾರಣ ಸಿಕ್ಕಿತು. ಆಮೇಲೂ ಸ್ಫೋಟದ ಅಳತೆ ಬೇಕೇ ಬೇಕು ಅನ್ನಿಸಿದರೆ, ನೀರು ಕಡಿಮೆಯಿರುವ ಬೇಸಿಗೆಯಲ್ಲಿ, ದೂರದಲ್ಲಿ, ಒಂದೇ ಗುಂಡಿಯ ಚಿಕ್ಕ ಮದ್ದಿನಿಂದ ಶುರು ಮಾಡಬಹುದು. ಈ ಕ್ರಮದಲ್ಲಿ ಹೋದರೆ ರೈತರ ಆತಂಕಕ್ಕೂ ಲೆಕ್ಕದ ಅಗತ್ಯಕ್ಕೂ ದಾರಿಯಿದೆ ಎಂಬುದು ನನ್ನ ನಂಬಿಕೆ.

ಮುಂದೆ ಏನಾಗಬಹುದು

ಅಧ್ಯಯನ ನಡೆಯದೆ ಹೋದರೆ ತಡೆ ಹೀಗೆಯೇ ಮುಂದುವರಿಯುತ್ತದೆ. ಕಟ್ಟೆಗೆ ಅದು ಒಳ್ಳೆಯದೇ. ಆದರೆ ಗಾರೆಯ ಬಲ ಎಷ್ಟು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ, ಕ್ವಾರಿ ನಿಂತ ಮಾತ್ರಕ್ಕೆ ಜಿನುಗುವ ನೀರು ನಿಲ್ಲಲ್ಲ. ಅವಸರದಲ್ಲಿ ಅಧ್ಯಯನ ಮುಗಿಸಿ ‘ಸುರಕ್ಷಿತ’ ಅಂತ ಒಂದೇ ಪದ ಬರೆದು ಕೊಟ್ಟರೆ, ಯಾರೂ ನಂಬಲ್ಲ, ಮತ್ತೆ ಕೋರ್ಟು.

ಕಾಯ್ದೆ ಸುಮ್ಮನೆ ಕೂತಿಲ್ಲ. 2021ರ ಡಿಸೆಂಬರ್ 30ರಿಂದ ಜಾರಿಯಾದ ಅಣೆಕಟ್ಟು ಸುರಕ್ಷತಾ ಕಾಯ್ದೆ, ಇಂಥ ಕಟ್ಟೆಗಳಿಗೆ ಐದು ವರ್ಷದೊಳಗೆ ತುರ್ತು ಕಾರ್ಯ ಯೋಜನೆ ಮಾಡಿಕೊಳ್ಳಬೇಕು, ಸಮಗ್ರ ಸುರಕ್ಷತಾ ಪರಿಶೀಲನೆ ನಡೆಸಬೇಕು ಎನ್ನುತ್ತದೆ. 30 ಮೀಟರ್ ಅಥವಾ ಅದಕ್ಕೂ ಹೆಚ್ಚು ಎತ್ತರದ ಕಟ್ಟೆಗಳಲ್ಲಿ ಭೂಕಂಪನ ಮಾಪನ ಕೇಂದ್ರ ಇರಬೇಕೆನ್ನುತ್ತದೆ. ತುರ್ತು ಯೋಜನೆಗೂ ಸಿಮ್ಯುಲೇಷನ್ ಬೇಕು. ಕಟ್ಟೆಗೆ ಏನಾದರೂ ಆದರೆ ನೀರು ಶ್ರೀರಂಗಪಟ್ಟಣಕ್ಕೆ ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ಬರುತ್ತದೆ, ಯಾವ ಬೀದಿಯವರು ಯಾವ ಕಡೆ ಓಡಬೇಕು ಎಂಬ ನಕ್ಷೆ ಅದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ, ಕೆಳಗಿನ ಊರುಗಳಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇಂಥ ಮಾಹಿತಿಯೇ.

ಹಾಗಾಗಿ ವರದಿ ಬಂದ ದಿನ ಕೊನೆಯ ಪುಟದ ತೀರ್ಮಾನಕ್ಕಿಂತ ಮೊದಲು ನೋಡಬೇಕಾದ ಪುಟಗಳು ಬೇರೆ ಇವೆ. ಗೋಡೆಯಿಂದ ಕೊರೆದು ತೆಗೆದ ಗಾರೆಯ ತುಂಡುಗಳು ಎಷ್ಟು, ಯಾವ ಯಾವ ಎತ್ತರದಿಂದ ತೆಗೆದರು, ಎಷ್ಟು ಭಾರಕ್ಕೆ ಒಡೆದವು? ಬುಡದ ನೀರಿನ ಒತ್ತಡ ಅಳೆದರೋ, ಅಂದಾಜು ಮಾಡಿದರೋ? ನೀರಿನ ಮಟ್ಟ 124.80 ಅಡಿ ಇಟ್ಟು ಲೆಕ್ಕ ಮಾಡಿದರೋ, ಬೇಸಿಗೆಯ ಮಟ್ಟಕ್ಕೋ? ಘಾತವನ್ನು ಸ್ವಲ್ಪ ಆಚೀಚೆ ಮಾಡಿದಾಗ ಉತ್ತರ ಎಷ್ಟು ಬದಲಾಯಿತು? ಈ ಪುಟಗಳು ಕನ್ನಡದಲ್ಲಿ ಅಚ್ಚಾಗಿ, ಪಾಂಡವಪುರ, ಶ್ರೀರಂಗಪಟ್ಟಣದ ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ಯಾರು ಬೇಕಾದರೂ ತೆಗೆದು ಓದುವಂತೆ ಇರಬೇಕು.